ಬ್ಯಾನರಿನ ಮೇಲೆ ಯಾವ ಪದ

ಸೆಪ್ಟೆಂಬರ್ ಹದಿನೇಳು ಹತ್ತಿರ ಬಂತೆಂದರೆ ರಾಯಚೂರಿನ ನಮ್ಮ ಕಾಲೇಜಿನಲ್ಲಿ ಜಗಳ ಶುರು. ನಿಜಾಮನ ರಾಜ್ಯ ಭಾರತಕ್ಕೆ ಸೇರಿದ್ದನ್ನು ಏನೆಂದು ಕರೆಯಬೇಕು? ಹೋದ ವರ್ಷ ದೇವದುರ್ಗದ ಇತಿಹಾಸ ಮೇಷ್ಟ್ರು ‘ವಿಮೋಚನೆ’ ಅಂದರು. ‘ವಿಲೀನ’ ಅನ್ನದಿದ್ದರೆ ಕಾರ್ಯಕ್ರಮಕ್ಕೇ ಬರುವುದಿಲ್ಲವೆಂದು ಗ್ರಂಥಪಾಲಕರು ಮುನಿಸಿಕೊಂಡರು. ನಾನು ಕನ್ನಡ ಪಾಠದವನು, ಪದ ಹುಡುಕಿಕೊಡುವುದು ನನ್ನ ಕರ್ಮ. ತಟ್ಟೆಗಟ್ಟಲೆ ಮಿರ್ಚಿ ಖಾಲಿಯಾದ ಮೇಲೆ ಪ್ರಾಂಶುಪಾಲರು ತೀರ್ಪು ಕೊಟ್ಟರು: ಬ್ಯಾನರಿನಲ್ಲಿ ಬರೀ ‘ಉತ್ಸವ’ ಇರಲಿ. ಯಾತರ ಉತ್ಸವ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು.

ಇನ್ನು ವೇದಿಕೆಯ ಮೇಲೆ ಮಾತಾಡಲು ಆ ದಿನಗಳನ್ನು ಕಂಡವರೊಬ್ಬರು ಬೇಕಿತ್ತು. ಮಾನ್ವಿಯಲ್ಲಿರುವ ನಮ್ಮವ್ವನನ್ನು ಕೇಳಿದೆ. “ಬಾಜೂ ಮನ್ಯಾಕಿ ಬಂದ್ರ ಬರ್ತೀನಿ” ಅಂದಳು. ಆ ಪಕ್ಕದ ಮನೆಯಾಕೆ ಅವ್ವನ ಬಾಲ್ಯದ ಗೆಳತಿ. ನಾನು ಅವರ ಮನೆಮಾತು ಉರ್ದುವಿನಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತೇನೆ.

ಅವ್ವನ ತವರುಮನೆಯನ್ನು ನಿಜಾಮನ ಕಡೆಯ ರಜಾಕಾರರು ಸುಟ್ಟಿದ್ದರು. ಖಾಲಾರ ತಂದೆಯನ್ನು ಭಾರತದ ಮಿಲಿಟರಿ ಬಂದ ವಾರ ಯಾರೋ ಕರೆದೊಯ್ದರು, ಆತ ತಿರುಗಿ ಬರಲಿಲ್ಲ. ಇಬ್ಬರೂ ಅದನ್ನು ‘ಆ ವರ್ಷ’ ಅನ್ನುತ್ತಾರೆ, ಅಷ್ಟೇ. ಒಬ್ಬಳು ಕೂತಿರುವಾಗ ಇನ್ನೊಬ್ಬಳು ತನ್ನ ಕಥೆ ತೆಗೆಯುವುದಿಲ್ಲ. ಹೀಗೇ ಎಲೆ ಅಡಿಕೆ ಮೆಲ್ಲುತ್ತಾ, ಸೊಸೆಯಂದಿರನ್ನು ಬೈಯುತ್ತಾ ಮುದುಕಿಯರಾದರು. ಒಮ್ಮೆಯಾದರೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಬೇಕೆಂಬ ಆಸೆ ಅವ್ವನಿಗಿತ್ತು. ಖಾಲಾರಿಗೂ ಅದೇ ಆಸೆಯಿದ್ದೀತೆಂದು ನನಗಂತೂ ಹೊಳೆದಿರಲಿಲ್ಲ.

ವೇದಿಕೆಯ ಮೇಲೆ ಇಬ್ಬರಿಗೂ ಶಾಲು ಹೊದಿಸಿದರು. ಇತಿಹಾಸ ಮೇಷ್ಟ್ರು ಅವ್ವನ ಕೈಗೆ ಮೈಕ್ ಕೊಟ್ಟು, “ವಿಮೋಚನೆ ಆದಾಗ ಹೆಂಗನಿಸ್ತು, ಯವ್ವಾ?” ಅಂದರು. ಬ್ಯಾನರಿನಿಂದ ಓಡಿಸಿದ ಪದ ಪುಣ್ಯಾತ್ಮನ ನಾಲಿಗೆಯ ಮೇಲೆ ಹಾಯಾಗಿ ಕೂತಿತ್ತು. ನನಗೆ ಮೈಯೆಲ್ಲ ಉರಿಯಿತು.

ಅವ್ವ ಖಾಲಾರ ಮುಖ ನೋಡಿದಳು. “ನಾ ಸಣ್ಣಾಕಿ ಇದ್ನ್ಯಪ್ಪಾ. ಏನೂ ನೆನಪಿಲ್ಲ.”

“ಆಕಿಗಿ ಎಲ್ಲಾ ನೆನಪದ” ಅಂದರು ಖಾಲಾ. ಅವ್ವನ ಕೈ ಹಿಡಿದುಕೊಂಡು, “ಹೇಳು ಬೇ. ನಾ ಕೇಳ್ತೀನಿ” ಅಂದರು.

ಅವ್ವ ಹೇಳಿದಳು. ಹೊತ್ತಿ ಉರಿದ ಜಂತಿ, ಹಗ್ಗ ಬಿಚ್ಚಲಾಗದೆ ಬಿಟ್ಟುಬಂದ ಎಮ್ಮೆ, ಎಲ್ಲವನ್ನೂ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮೈಕಿಗೆ ಕೈ ಚಾಚಿದರೆ ಅವ್ವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಇನ್ನ ಈಕಿದು ಕೇಳ್ರಿ. ಈಕಿ ಅಪ್ಪಂದು.”

ಖಾಲಾ ಗಂಟಲು ಸರಿಮಾಡಿಕೊಂಡರು. ಪ್ರಾಂಶುಪಾಲರು ಕೈಗಡಿಯಾರ ನೋಡಿ ರಾಷ್ಟ್ರಗೀತೆ ಹಾಕಿಸಿದರು. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತವರು ಖಾಲಾ.