ನೆನೆಸದ ರೊಟ್ಟಿಯ ಮನೆ

ಯೆಹೂದ್ಯರ ಪಸ್ಕ ಹಬ್ಬ ಬಂತೆಂದರೆ ಜೆರುಸಲೇಮಿನ ಆ ಓಣಿಯಲ್ಲಿ ಬ್ರೈನಾಳ ಬೆಳಗಿನ ತಿಂಡಿಯದೇ ಮಾತು. ಆ ಏಳು ದಿನ ಹುಳಿ ಬಂದ ಹಿಟ್ಟು ನಿಷಿದ್ಧ. ಬ್ರೆಡ್ಡು ಹೊಸ್ತಿಲು ದಾಟುವಂತಿಲ್ಲ, ಗೋಧಿಹಿಟ್ಟು ಮುಟ್ಟುವಂತಿಲ್ಲ. ಆದರೂ ಹೆಣ್ಣುಮಕ್ಕಳು, ಅಳಿಯಂದಿರು, ಹನ್ನೊಂದು ಮೊಮ್ಮಕ್ಕಳು ಎದ್ದವರೇ ಮೂಗರಳಿಸಿಕೊಂಡು ಅಡುಗೆಮನೆಗೆ ಬರುತ್ತಿದ್ದರು. ಆಲೂಗಡ್ಡೆಯ ಪಿಷ್ಟಕ್ಕೆ ಮೊಟ್ಟೆ ಒಡೆದು ಅವಳು ಹುಯ್ಯುತ್ತಿದ್ದ ದೋಸೆ ಕರವಸ್ತ್ರದಷ್ಟು ತೆಳ್ಳಗೆ. ಜೊತೆಗೆ ಶುಂಠಿ ಹಾಕಿ ಸಕ್ಕರೆಯಲ್ಲಿ ಕುದಿಸಿದ ಬೀಟ್‌ರೂಟು, ಮನೆಯಲ್ಲೇ ಹಾಲು ಒಡೆಸಿ ಕಟ್ಟಿದ ಪನೀರು.

ಒಂದೇ ಒಂದು ತಿಂಡಿಯನ್ನು ಮಾತ್ರ ಅವಳು ಮಾಡುತ್ತಿರಲಿಲ್ಲ. ಹಿಟ್ಟು ಹುಳಿಯುವ ಮೊದಲೇ ಗರಿಗರಿಯಾಗಿ ಸುಟ್ಟು ತರುವ ಹಬ್ಬದ ರೊಟ್ಟಿಯನ್ನು ಮುರಿದು, ನೀರಲ್ಲಿ ನೆನೆಸಿ, ಹಿಂಡಿ, ಮೊಟ್ಟೆಯಲ್ಲಿ ಕಲೆಸಿ ಬೆಣ್ಣೆಯಲ್ಲಿ ಹುರಿಯುವುದು. ತವರಿನಲ್ಲಿ ಅದಿಲ್ಲದೆ ಹಬ್ಬಕ್ಕೆ ಬೆಳಗಾಗುತ್ತಲೇ ಇರಲಿಲ್ಲ. ಗಂಡ ಅಶೇರನ ಮನೆತನದಲ್ಲಿ ಆ ರೊಟ್ಟಿಗೆ ನೀರು ಸೋಕಿಸುವಂತಿಲ್ಲ. ಎಲ್ಲೋ ಬೇಯದೆ ಉಳಿದ ಹಿಟ್ಟಿನ ಕಣ ನೆನೆದು ಹುಳಿ ಬಂದರೆ ಎಂಬ ಭಯ. ಸಾರು ಮೇಜಿಗೆ ಬಂದರೆ ರೊಟ್ಟಿಯನ್ನು ಚೀಲದೊಳಗೆ ಬಚ್ಚಿಟ್ಟು ಕಳ್ಳರ ಹಾಗೆ ಮುರಿದು ತಿನ್ನುವ ಜನ! ಹೊರದೇಶದ ನಂಟರಿಗಾದರೋ ಎಂಟನೆಯ ದಿನವೊಂದು ಹೆಚ್ಚಿಗೆ ಉಂಟು, ಅಂದು ಈ ಕಟ್ಟು ಸಡಿಲವಾದ್ದರಿಂದ ನೆನೆಸಿ ತಿನ್ನುತ್ತಾರೆ. ಇಲ್ಲಿ ಏಳಕ್ಕೇ ಹಬ್ಬ ಮುಗಿಯುತ್ತದೆ, ಮುಗಿದ ಮೇಲೆ ಆ ರೊಟ್ಟಿ ಯಾರಿಗೆ ಬೇಕು? ಹೀಗಾಗಿ ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಬ್ರೈನಾ ಅದನ್ನು ಒಮ್ಮೆಯೂ ತಿಂದಿರಲಿಲ್ಲ. ಆಸೆಯೇನೋ ಬೆಟ್ಟದಷ್ಟಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ.

ಈ ವರ್ಷ ಚಳಿಗಾಲದಲ್ಲಿ ಅವಳ ತಾಯಿ ತೀರಿಕೊಂಡರು. ತೊಂಬತ್ತರ ತಂದೆ ಫೈವಲ್ ಮಗಳ ಮನೆಗೆ ಬಂದರು. ಹಬ್ಬ ಶುರುವಾಗಿ ಮೂರು ದಿನವಾದರೂ ಬರೀ ಚಹಾ ಕುಡಿದುಕೊಂಡಿದ್ದರು, ಒಂದು ತುತ್ತೂ ಬಾಯಿಗಿಡಲಿಲ್ಲ. ಹೀಗೇ ಬಿಟ್ಟರೆ ಹಬ್ಬ ಕಳೆಯುವುದರೊಳಗೆ ಆಸ್ಪತ್ರೆಯೇ ಗತಿ ಎಂದು ಬ್ರೈನಾಳ ಜೀವ ಹೊಡೆದುಕೊಳ್ಳತೊಡಗಿತು.

“ಅಪ್ಪಾ, ಒಂದು ದೋಸೆ ತಿನ್ನು. ಎಷ್ಟು ಮೆತ್ತಗಿದೆ ನೋಡು.”

“ಇದ್ರಲ್ಲಿ ಮುಖ ಒರೆಸ್ಕೋಬಹುದು, ಹೊಟ್ಟೆ ತುಂಬಲ್ಲ. ನೆನೆಸಿದ ರೊಟ್ಟಿ ಮಾಡು, ನಿಮ್ಮಮ್ಮ ಮಾಡ್ತಿದ್ದ ಹಾಗೆ.”

“ಈ ಮನೇಲಿ ಅದು ನಡೆಯಲ್ಲ, ಗೊತ್ತಲ್ಲ ನಿಂಗೆ?”

“ಗೊತ್ತು. ನಿನ್ನ ಗಂಡನಿಗೆ ನೀರು ಕಂಡ್ರೆ ಭಯ, ನಿನಗೆ ಗಂಡನ್ನ ಕಂಡ್ರೆ ಭಯ.”

ಬಾಗಿಲಲ್ಲಿದ್ದ ಅಶೇರ್‌ಗೆ ಅದು ಕೇಳಿಸಿತು. ಟೋಪಿ ಹಾಕಿಕೊಂಡು ಹೊರಟುಹೋದ. ಸಿಟ್ಟು ಬಂತೇನೋ ಎಂದು ಬ್ರೈನಾ ಹೆದರಿದಳು. ಎರಡು ಗಂಟೆ ಬಿಟ್ಟು ಬಂದಾಗ ಅವನ ಕೈಯಲ್ಲಿ ಹೊಸ ಬಾಣಲೆ, ತಟ್ಟೆ. ಶುದ್ಧಿಯ ಕೊಳದಲ್ಲಿ ಮುಳುಗಿಸಿ ತಂದಿದ್ದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಗುರುಗಳನ್ನ ಕೇಳ್ಕೊಂಡು ಬಂದೆ. ‘ನಿಮ್ಮದು ಮನೆತನದ ರೂಢಿ, ಹೆತ್ತವರನ್ನ ನೋಡ್ಕೊಳ್ಳೋದು ದೇವರ ಅಪ್ಪಣೆ. ಯಾವುದು ದೊಡ್ಡದು ಅಂತ ಕೇಳೋಕೆ ಇಷ್ಟು ದೂರ ಬಂದ್ಯಾ?’ ಅಂತ ಬೈದ್ರು. ಬಾಲ್ಕನೀಲಿ ಕರೆಂಟು ಒಲೆ ಇಟ್ಕೊಡ್ತೀನಿ, ಅಲ್ಲೇ ಮಾಡು. ಅಡುಗೆಮನೆಗೆ ಮಾತ್ರ ಬೇಡ.”

ಬಾಲ್ಕನಿಯಲ್ಲಿ ರೊಟ್ಟಿ ನೀರಿಗೆ ಬಿತ್ತು. ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಹಿಂಡಬೇಕು ಎಂದು ಬ್ರೈನಾ ಯೋಚಿಸಲೇ ಇಲ್ಲ, ಕೈ ತಾನಾಗಿ ಮಾಡಿತು. ಬೆಣ್ಣೆಯ ಘಮ ಎದ್ದಾಗ ಅಮ್ಮ ಇಲ್ಲವೆಂಬುದು ಮತ್ತೊಮ್ಮೆ ಚುಚ್ಚಿತು. ತಟ್ಟೆಗೆ ಹಾಕಿ ತಂದೆಯ ಮುಂದಿಟ್ಟಳು.

“ನಿನಗೆಲ್ಲಿ?” ಎಂದರು ಫೈವಲ್.

“ನನಗೆ ಬೇಡ ಅಪ್ಪಾ.”

“ಹೆದರಿಸಿ ಇಟ್ಟಿದಾರೆ ನನ್ನ ಮಗಳನ್ನ. ನೀನು ತಿನ್ನದೆ ನಾನೂ ಮುಟ್ಟಲ್ಲ.” ಮುದುಕರು ಕೈಕಟ್ಟಿ ಕುಳಿತುಬಿಟ್ಟರು.

ಅಶೇರ್ ಗಡ್ಡ ನೀವಿಕೊಂಡ. “ತಿನ್ನು, ಬ್ರೈನಾ. ನಾನೇ ಹೇಳ್ತಿದೀನಲ್ಲ. ಮಾವ, ನಿಜವಾಗ್ಲೂ ನನ್ನ ಅಡ್ಡಿ ಇಲ್ಲ. ಅದನ್ನೂ ಗುರುಗಳ ಹತ್ರ ಕೇಳ್ಕೊಂಡೇ ಬಂದಿದೀನಿ.”

ಬ್ರೈನಾ ಫೋರ್ಕು ಕೈಗೆತ್ತಿಕೊಂಡಳು. ಬಾಯಲ್ಲಿ ನೀರೂರುತ್ತಿತ್ತು. ತಡೆಯುವವರು ಯಾರೂ ಇರಲಿಲ್ಲ. ತುತ್ತು ತುಟಿಯ ತನಕ ಬಂತು, ಅಲ್ಲೇ ನಿಂತಿತು. ಮತ್ತೊಮ್ಮೆ ಎತ್ತಿದಳು, ಮತ್ತೆ ಕೈ ನಿಂತಿತು. ಮೂವತ್ತೆಂಟು ಹಬ್ಬ ಈ ರೊಟ್ಟಿಯನ್ನು ನೀರಿನಿಂದ ಕಾದವಳು ಅವಳೇ. ಮಕ್ಕಳ ಕೈ ಒದ್ದೆಯಿದ್ದರೆ ಗದರಿದವಳೂ ಅವಳೇ. ಗಂಡನಿಗಾಗಿ ಹೊತ್ತಿದ್ದೇನೆ ಅಂದುಕೊಂಡಿದ್ದು ಯಾವಾಗ ತನ್ನದೇ ಆಯಿತೋ, ಅವಳಿಗೆ ತಿಳಿಯಲೇ ಇಲ್ಲ. ಅಮ್ಮನ ಅಡುಗೆಯನ್ನೇ ತಳ್ಳಿದ ಹಾಗಾಯಿತಲ್ಲ ಎಂದು ಅಳು ಬಂತು.

“ನನ್ನ ಕೈಲಾಗಲ್ಲ ಅಪ್ಪಾ. ಇವರಿಗೆ ಹೆದರಿ ಅಲ್ಲ. ನನಗೇ ಆಗ್ತಿಲ್ಲ.”

ಫೈವಲ್ ಕಟ್ಟಿದ್ದ ಕೈ ಬಿಚ್ಚಿದರು. “ನಿನ್ನನ್ನ ಇಲ್ಲಿಗೆ ಕಳಿಸಿದಾಗ ನಿಮ್ಮಮ್ಮ ಒಂದು ವಾರ ಅತ್ತಿದ್ಲು. ಮಗು ಆ ಮನೆಗೆ ಒಗ್ಗುತ್ತೋ ಇಲ್ವೋ ಅಂತ. ಕಣ್ಮುಚ್ಚೋ ತನಕ ಅದನ್ನೇ ಕೇಳ್ತಿದ್ಲು. ಏನು ಹೇಳ್ಬೇಕೋ ನನಗೆ ಗೊತ್ತಾಗ್ತಿರ್ಲಿಲ್ಲ.”

ಕೈಚಾಚಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇನ್ನು ಹೋಗಿ ಅವಳಿಗೆ ಹೇಳಬಹುದು. ಆದ್ರೆ ಈಗಲೇ ಹೋಗಲ್ಲ. ಮೊದಲು ಇದನ್ನ ತಿಂತೀನಿ.”