ಬುಟ್ಟಿಯ ಕೆಳಗಿನ ಹಿಟ್ಟು

ನಂಬುವವರು ನಂಬಿ, ನಗುವವರು ನಗಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಟ್ಟಿ ಹೇಳುವಷ್ಟು ವಿದ್ಯೆ ನನ್ನ ಹತ್ತಿರ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ದೆವ್ವ, ಭೂತ ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸತ್ತವರಿಗಿಂತ ಇದ್ದವರೇ ನನ್ನನ್ನು ಹೆಚ್ಚು ಕಾಡಿದ್ದಾರೆ.

ನಮ್ಮೂರು ಕುರುಗೋಡು. ಸೊಸೆಗೂ ನನಗೂ ಒಂದು ಒಲೆ ಸಾಲಲಿಲ್ಲ. ಆಗ ಬಳ್ಳಾರಿಯ ಪರಿಚಯದವನೊಬ್ಬ, ವೀರೇಶ ಅಂತ, ಕಡಲ ದಂಡೆಯ ಒಂದು ಸಣ್ಣ ಊರಿನಲ್ಲಿ ಹಾಸ್ಟೆಲು ನಡೆಸುತ್ತಿದ್ದ. ಶಾಲೆ ಹುಡುಗರ ಹಾಸ್ಟೆಲಲ್ಲ. ಬೆನ್ನಿಗೆ ಚೀಲ ಏರಿಸಿಕೊಂಡು ಊರೂರು ಅಲೆಯುವ ಹುಡುಗ ಹುಡುಗಿಯರು ಬಂದು ಇಳಿಯುವ ಜಾಗ. ಅವರಿಗೆ ಜೋಳದ ರೊಟ್ಟಿ ಬೇಕಂತೆ. "ಬರ್ರಿ ಅಜ್ಜಿ, ಸೀಜನ್ ಮುಗಿಯೋ ತನಕ ಇದ್ದು ಹೋಗ್ರಿ" ಅಂದ. ಹೋದೆ. ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರ ಹೊಟ್ಟೆಪಾಡು ಅದು.

ಒಂದು ಉದ್ದನೆಯ ಕೋಣೆ. ರೈಲಿನ ಡಬ್ಬಿಯ ಹಾಗೆ ಒಂದರ ಮೇಲೊಂದು ಕಬ್ಬಿಣದ ಮಂಚ. ಗಂಡು ಹೆಣ್ಣು ಎಲ್ಲ ಅಲ್ಲೇ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ದಂಡೆಯ ಮೇಲೆ ಕುಣಿತ. ಮರಳು ತುಳಿದ ಕಾಲಲ್ಲೇ ಹಾಸಿಗೆ ಹತ್ತುತ್ತಿದ್ದರು. ಗುಡಿಸಿ ಗುಡಿಸಿ ನನ್ನ ಸೊಂಟ ಹೋಯಿತು. ಕಡಲು ನೋಡಲಿಲ್ಲವೇ ಅಂತ ಊರಿಗೆ ಬಂದ ಮೇಲೆ ಕೇಳಿದರು. ಕಡಲನ್ನೇನು ನೋಡುವುದು, ದಿನಾ ಕೋಣೆಯಿಂದ ಅದರ ಮರಳನ್ನೇ ಹೊರಗೆ ಹಾಕುತ್ತಿದ್ದೆನಲ್ಲ.

ಆ ಮಂದಿಯನ್ನು ಕುಣಿಸುತ್ತಿದ್ದವನು ನಮ್ಮ ಕಡೆಯವನೇ. ಸಿರುಗುಪ್ಪದ ಬಸವರಾಜ. ಮೊದಲು ಅಕ್ಕಿ ಗಿರಣಿಯಲ್ಲಿದ್ದ. ಬೆಲ್ಟಿಗೆ ಸಿಕ್ಕಿ ಬಲಗಾಲಿನ ಕಿರುಬೆರಳು ಹೋಗಿತ್ತು. ಆಮೇಲೆ ಮದುವೆ ಮೆರವಣಿಗೆಗಳಿಗೆ ಡಿಜೆ ಹಾಕುತ್ತ ಹಾಕುತ್ತ ಇಲ್ಲಿಗೆ ಬಂದು ಮುಟ್ಟಿದ್ದ. ಹಾಸ್ಟೆಲಿನ ಮಂದಿ ಅವನಿಗೆ ಬಾಸ್ ಅನ್ನುತ್ತಿದ್ದರು. ನಾನು ಬಸ್ಯಾ ಅನ್ನುತ್ತಿದ್ದೆ.

"ಅಜ್ಜೀ, ಮಂದಿ ಮುಂದ ಬಸ್ಯಾ ಅನಬ್ಯಾಡ. ಮರ್ಯಾದಿ ಹೋಗ್ತೈತಿ."

"ಚಡ್ಡಿ ಮ್ಯಾಲ ಕುಣಿಯಾವಗ ಎಲ್ಲಿ ಮರ್ಯಾದಿಲೇ? ತಿನ್ನು, ರೊಟ್ಟಿ ಆರ್ತಾವ."

ತಿನ್ನುತ್ತ ತಿನ್ನುತ್ತ ಹೆಂಡತಿ ಮಂಜುಳಾಗೆ ವಿಡಿಯೋ ಕಾಲ್ ಮಾಡುತ್ತಿದ್ದ. ಅರ್ಧ ರೊಟ್ಟಿ ಹಿಂದಿನ ಬಾಗಿಲಲ್ಲಿ ಮಲಗುವ ಕೆಂದ ನಾಯಿಗೆ. "ಸೀಜನ್ ಮುಗೀಲಿ, ಬಂದಬಿಡ್ತೀನಿ" ಅಂತ ಹೆಂಡತಿಗೆ ದಿನಾ ಅದೇ ಮಾತು.

ಒಂದು ಭಾನುವಾರ ಹಾಡು ನಿಂತ ಮೇಲೆ, ಕಾಲು ತೊಳೆದು ಬರುತ್ತೇನೆ ಅಂತ ನೀರಿಗೆ ಇಳಿದ. ಇಬ್ಬರು ಹುಡುಗರು ದಂಡೆಯಲ್ಲಿ ಕೂತು ನೋಡುತ್ತಿದ್ದರು. ಒಂದು ತೆರೆ ಬಂತು... ಹೋಯಿತು. ಅವನು ಇರಲಿಲ್ಲ.

ದೋಣಿಯವರು ಹುಡುಕಿದರು. ಪೊಲೀಸರು ಬಂದು ಹೋದರು. ಹೆಣ ಸಿಗಲಿಲ್ಲ. ನೋಡಿದ ಇಬ್ಬರು ಹುಡುಗರು ಒಂದಿಷ್ಟು ಅತ್ತು, ಚೀಲ ಏರಿಸಿಕೊಂಡು ಮುಂದಿನ ಊರಿಗೆ ಹೋದರು. ಅವರ ತಪ್ಪೇನು? ಅವರು ಅಲ್ಲಿಗೆ ಬಂದದ್ದೇ ಹೋಗುವುದಕ್ಕೆ.

ಬಸ್ಯಾನ ತಾಯಿ ಸಿದ್ದವ್ವ ನನಗೆ ಫೋನು ಮಾಡಿದಳು.

ನಮ್ಮ ಕಡೆ ಕೆಲವು ಮನೆಗಳಲ್ಲಿ ಒಂದು ಪದ್ಧತಿ ಇದೆ. ಹೋದವನು ಮಲಗುತ್ತಿದ್ದ ಜಾಗದಲ್ಲಿ ಹಿಟ್ಟನ್ನು ಜರಡಿ ಹಿಡಿದು ತೆಳ್ಳಗೆ ಹರಡಿ, ಅದರ ಮೇಲೆ ಬುಟ್ಟಿ ಕವುಚಿ, ಪಕ್ಕದಲ್ಲಿ ದೀಪ ಇಡುತ್ತಾರೆ. ಬೆಳಗ್ಗೆ ಬುಟ್ಟಿ ಎತ್ತಿದಾಗ ಹಿಟ್ಟಿನಲ್ಲಿ ಹೆಜ್ಜೆಯ ಗುರುತು ಬಿದ್ದಿದ್ದರೆ ಜೀವ ಹೋದದ್ದು ನಿಜ, ಬಂದು ಹೋಗಿದೆ ಅಂತ ಅರ್ಥ. ನಾನು ನನ್ನ ವಯಸ್ಸಿನಲ್ಲಿ ಬಹಳ ಬುಟ್ಟಿ ಎತ್ತಿದ್ದೇನೆ. ಇರುವೆ ಹರಿದದ್ದು, ಜಿರಳೆ ಓಡಿದ್ದು ಬಿಟ್ಟರೆ ಬೇರೇನೂ ಕಂಡಿರಲಿಲ್ಲ.

"ಈರಕ್ಕಾ, ಅವ ಮಲಗ್ತಿದ್ದ ಮಂಚ ಅಲ್ಲೇ ಐತಿ. ನಿನ್ನ ಬಿಟ್ರ ಅಲ್ಲಿ ನಮ್ಮವರು ಯಾರದಾರ? ಹಿಟ್ಟು ಹಾಕಿ ನೋಡು" ಅಂದಳು ಸಿದ್ದವ್ವ. "ಗುರ್ತು ಬಿದ್ರ ಹೇಳಿಬಿಡು. ನಾವು ದಿನ ಮಾಡಿ ಮುಗಸ್ತೀವಿ. ಸೊಸಿ ಕೈಯಾನ ಬಳಿ ತಗಸ್ಬೇಕಲ್ಲ."

ಆ ಕಡೆ ಫೋನು ಕಸಿದುಕೊಂಡ ಸದ್ದು. ಆಮೇಲೆ ಮಂಜುಳಾಳ ದನಿ, ಬಲು ಸಣ್ಣಗೆ...

"ಅಜ್ಜೀ... ಏನೂ ಬೀಳಂಗಿಲ್ಲ ಅಲ್ಲ?"

ಹತ್ತೊಂಬತ್ತೋ ಇಪ್ಪತ್ತೋ ಇರಬೇಕು ಆ ಹುಡುಗಿಗೆ. ಫೋನು ಇಟ್ಟು ಜರಡಿ ಹುಡುಕಿದೆ.

ವೀರೇಶ ಮೊದಲು ಒಪ್ಪಲಿಲ್ಲ. "ಬ್ಯಾಡ ಅಜ್ಜಿ. ಮಂದಿಗೆ ಗೊತ್ತಾದ್ರ ಮೊಬೈಲ್‌ನ್ಯಾಗ ಬರದು ನನ್ನ ಧಂದಾ ಮುಳಗಸ್ತಾರ. ಶುಕ್ರವಾರದಿಂದ ಆ ಮಂಚಕ್ಕ ಬುಕಿಂಗ್ ಐತಿ."

"ಶುಕ್ರವಾರ ಬರಾವ್ರು ಬರ್ಲಿ. ಇವತ್ತು ಬುಧವಾರ ಐತಿ. ಅವ್ವ ಕೇಳ್ಯಾಳ, ಹಾಕ್ತೀನಿ."

ಅಂದು ಕೋಣೆ ಖಾಲಿ ಇತ್ತು. ಪೊಲೀಸರ ಮಾತಿಗೆ ದಂಡೆಯ ಹಾಡೂ ಬಂದ್ ಆಗಿತ್ತು. ಮೂಲೆಯಲ್ಲಿ ಬಸ್ಯಾನ ಮಂಚ, ಕೆಳಗಿನದು. ಅದರ ಬುಡದಲ್ಲಿ ರೊಟ್ಟಿಯ ಹಿಟ್ಟನ್ನೇ ಜರಡಿ ಹಿಡಿದೆ. ಅಂಗೈಯಿಂದ ನಯ ಮಾಡಿದೆ. ಅಡುಗೆಮನೆಯ ದೊಡ್ಡ ಬುಟ್ಟಿ ಕವುಚಿ, ದೀಪ ಹಚ್ಚಿ, ಕಿಟಕಿ ಬಾಗಿಲು ಹಾಕಿದೆ. ಬಾಗಿಲ ಹೊರಗೆ ಚಾಪೆ ಹಾಕಿಕೊಂಡು ಬಿದ್ದುಕೊಂಡೆ. ಕೆಂದ ನಾಯಿ ಕಾಲ ಹತ್ತಿರ ಬಂದು ಮಲಗಿತು.

ಹೆದರಿಕೆ ಇರಲಿಲ್ಲ. ನಿಜ ಹೇಳಬೇಕೆಂದರೆ ಸೊಂಟ ನೋಯುತ್ತಿತ್ತು, ಬೇಗ ಬೆಳಗಾದರೆ ಸಾಕು ಅನ್ನಿಸುತ್ತಿತ್ತು. ಹಾಡು ಇಲ್ಲದ್ದರಿಂದ ಕಡಲಿನ ಸದ್ದು ಕೋಣೆಯ ತನಕ ಬರುತ್ತಿತ್ತು. ಅಷ್ಟು ದಿನ ಇದ್ದು ಅವತ್ತೇ ನಾನು ಅದನ್ನು ಕೇಳಿದ್ದು. ಯಾರೋ ದಮ್ಮು ಹತ್ತಿದವರು ಉಸಿರು ಎಳೆದು ಬಿಟ್ಟ ಹಾಗೆ...

ಕಣ್ಣು ಹತ್ತಿತ್ತು. ಏಕೋ ಎಚ್ಚರವಾಯಿತು.

ನಾಯಿ ಎದ್ದು ನಿಂತಿತ್ತು. ಬೊಗಳಲಿಲ್ಲ, ಊಳಿಡಲಿಲ್ಲ. ಮುಚ್ಚಿದ ಬಾಗಿಲಿಗೆ ಮೂಗು ಹಚ್ಚಿ ಬಾಲ ಆಡಿಸುತ್ತಿತ್ತು. ಬಾಲ ಗೋಡೆಗೆ ಬಡಿದು ಪಟ್... ಪಟ್... ಅನ್ನುತ್ತಿತ್ತು. ರೊಟ್ಟಿ ಕೊಡುವವನು ಬಂದಾಗ ಮಾತ್ರ ಅದು ಹಾಗೆ ಮಾಡುತ್ತಿತ್ತು.

ಒಳಗೆ ಮಂಚ ಕಿರ್ ಅಂದಿತು.

ಕಬ್ಬಿಣ ತಂಪಿಗೆ ಹಾಗೆ ಸದ್ದು ಮಾಡುತ್ತದೆ ಅಂದುಕೊಂಡೆ. ಮತ್ತೆ ಕಿರ್... ಯಾರೋ ಕೂತವರು ಮೈಭಾರ ಬದಲಿಸಿದ ಹಾಗೆ. ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬಂತು. ಅದರಲ್ಲಿ ಕಡಲ ವಾಸನೆ. ಜೊತೆಗೆ ಇನ್ನೊಂದು ವಾಸನೆ. ಒದ್ದೆ ಬಟ್ಟೆಯನ್ನು ಬಹಳ ದಿನ ಚೀಲದಲ್ಲಿ ಇಟ್ಟು ಮರೆತರೆ ಬರುತ್ತದಲ್ಲ, ಅದು.

"ಯಾರಲೇ ಒಳಗ?" ಅಂದೆ. ದನಿ ನನ್ನದೇ ಅನ್ನಿಸಲಿಲ್ಲ.

ಕಿರ್ ನಿಂತಿತು. ನಾಯಿಯ ಬಾಲವೂ ನಿಂತಿತು.

ಬಾಗಿಲು ತೆಗೆಯಲಿಲ್ಲ. ಗೋಡೆಗೆ ಒರಗಿ ಕೂತೆ. ಕಾಗೆ ಕೂಗಿದ ಮೇಲೆಯೇ ಒಳಗೆ ಹೋದದ್ದು.

ಕಿಟಕಿ ಹಾಕಿದ್ದು ಹಾಕಿದ ಹಾಗೇ ಇತ್ತು. ದೀಪ ಉರಿಯುತ್ತಿತ್ತು. ಬುಟ್ಟಿ ಇಟ್ಟಲ್ಲೇ ಇತ್ತು. ಎತ್ತಿದೆ.

ಬಲಗಾಲು. ನಾಲ್ಕೇ ಬೆರಳು.

ಹಿಟ್ಟು ಹಿಮ್ಮಡಿಯ ಹತ್ತಿರ ಹೆಚ್ಚು ಒತ್ತಿಹೋಗಿ, ಆ ಕುಳಿಯಲ್ಲಿ ಒಂದು ಚಮಚದಷ್ಟು ನೀರು ನಿಂತಿತ್ತು. ಬೆರಳು ಅದ್ದಿ ನಾಲಿಗೆಗೆ ಹಚ್ಚಿದೆ. ಉಪ್ಪು. ಇನ್ನೊಂದು ಗಮನಿಸಿದೆ. ಬೆರಳುಗಳು ಕಡಲ ಕಡೆಗೆ ಇರಲಿಲ್ಲ. ಹಿಂದಿನ ಗೇಟಿನ ಕಡೆಗಿದ್ದವು. ಆ ಗೇಟು ದಾಟಿದರೆ ನಮ್ಮೂರ ಕಡೆ ಹೋಗುವ ಬಸ್ಸುಗಳು ನಿಲ್ಲುತ್ತವೆ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಿದ್ದವ್ವ.

"ನೋಡಿದೇನಕ್ಕಾ? ಏನರ ಬಿದ್ದೈತೇನು?"

ಅವಳ ಹಿಂದೆ ಇನ್ನೊಬ್ಬರ ಉಸಿರು ಕೇಳುತ್ತಿತ್ತು. ಆ ಹುಡುಗಿಯ ಬಳೆಗಳು ಈಗ ನನ್ನ ಬಾಯಲ್ಲಿದ್ದವು. ನಾನು ಗಂಡ ಸತ್ತ ದಿನ ಬಳೆ ಒಡೆಸಿಕೊಂಡವಳು. ಒಡೆಯುವವರು ಕಲ್ಲು ಎಷ್ಟು ಹಗುರಾಗಿ ಎತ್ತುತ್ತಾರೆ ಅಂತ ನನಗೆ ಗೊತ್ತು.

"ಏನೂ ಬಿದ್ದಿಲ್ಲ ಸಿದ್ದವ್ವ. ಹಿಟ್ಟು ಹಾಕಿದಂಗ ಐತಿ."

ಆ ಕಡೆ ಯಾರೋ ಅತ್ತರು. ನಾನು ಫೋನು ಇಟ್ಟು, ಹಿಟ್ಟು ಬಳಿದು ಮೋರಿಗೆ ಹಾಕಿ, ನೆಲ ಒರೆಸಿದೆ. ವಾರದೊಳಗೆ ಕೆಲಸ ಬಿಟ್ಟು ಕುರುಗೋಡಿಗೆ ಬಂದೆ. ಸೊಸೆಯ ಬೈಗುಳವೇ ವಾಸಿ ಅನ್ನಿಸಿತು.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ನಂಟರ ಮನೆಯ ಸೀಮಂತಕ್ಕೆ ಸಿರುಗುಪ್ಪಕ್ಕೆ ಹೋದೆ. ಬರುವಾಗ ಸಿದ್ದವ್ವನ ಮನೆಯಲ್ಲೂ ಕೂತು ನಾಲ್ಕು ಮಾತಾಡಿ ಬರೋಣ ಅಂತ ಹೋದೆ. ಅವಳು ನನ್ನ ಕೈ ಹಿಡಿದು ಕುಣಿಯುವುದೊಂದು ಬಾಕಿ.

"ನಿನ್ನ ಬಾಯಿಗಿ ಸಕ್ರಿ ಹಾಕ್ಬೇಕು ಈರಕ್ಕಾ! ಬಸ್ಯಾ ಬಂದಾನ. ನೀ ಹಿಟ್ಟು ನೋಡಿದ ಮರುದಿನ ನಸುಕಿನ್ಯಾಗ ಬಾಗಲಾ ಬಡದ. ಎಲ್ಲಿದ್ದಿ, ಹೆಂಗ ಬಂದಿ ಅಂದ್ರ ಏನೂ ಹೇಳಂಗಿಲ್ಲ. ಪೊಲೀಸರ ಕಿರಿಕಿರಿ ಅಂತ ನಾವೂ ಯಾರಿಗೂ ಹೇಳಿಲ್ಲ. ಒಳಗ ಮಲಗ್ಯಾನ, ನೋಡಿ ಹೋಗು."

ಒಳಕೋಣೆಗೆ ಒಂದು ಹಳೆಯ ಸೀರೆಯ ಪರದೆ. ಹಿಂದೆ ಯಾರೋ ಮಗ್ಗಲು ಬದಲಿಸಿದರು. ಒಮ್ಮೆ ಕೆಮ್ಮಿದರು. ಸಿರುಗುಪ್ಪದ ಆ ಧಗೆಯಲ್ಲಿ ಪರದೆಯ ಅಡಿಯಿಂದ ನನ್ನ ಪಾದಕ್ಕೆ ತಣ್ಣಗೆ ಹತ್ತಿತು...

"ಇರ್ಲಿ ಬಿಡು, ನಿದ್ದಿ ಕೆಡಸಬಾರ್ದು" ಅಂದೆ. ಪರದೆ ಎತ್ತಲಿಲ್ಲ. ಸಿದ್ದವ್ವ ಕೊಟ್ಟ ಚಹಾವನ್ನೂ ಪೂರ್ತಿ ಕುಡಿಯಲಿಲ್ಲ.

ಮಂಜುಳಾ ಬಸ್ ಸ್ಟ್ಯಾಂಡಿನ ತನಕ ಬಿಡಲು ಬಂದಳು. ಕೈ ತುಂಬ ಹಸಿರು ಬಳೆ. ಮುಖ ಮಾತ್ರ ನನ್ನ ವಯಸ್ಸಿನದು. ಕುರುಗೋಡಿನ ಬಸ್ಸು ಬಂದು ನಿಂತ ಮೇಲೆ ಕೇಳಿದಳು.

"ಅಜ್ಜೀ, ಅವತ್ತು ಖರೇನ ಏನೂ ಬಿದ್ದಿದ್ದಿಲ್ಲೇನು?"

"ಯಾಕ ಕೇಳ್ತಿ?"

"ಅವ್ರು ಮಲಗಿ ಎದ್ದ ಹಾಸಿಗಿ ದಿನಾ ಒದ್ದಿ ಇರ್ತೈತಿ. ಬಿಸಲಿಗಿ ಹಾಕಿದ್ರ ಉಪ್ಪು ಮೂಡ್ತೈತಿ. ಒಗದು ಒಗದು ಸಾಕಾಗೈತಿ."

"ಹೆದರಿಕಿ ಆಗ್ತೈತೇನು?"

"ಮೊದಲ ಆಗ್ತಿತ್ತು. ಈಗ ಬರೇ ದಣಿವು."

ಅವಳಿಗೆ ಮತ್ತೊಮ್ಮೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಬಿದ್ದಿತ್ತು" ಅಂದೆ. "ನಾಲ್ಕ ಬೆರಳಿನ ಕಾಲು."

ಅವಳು ಬೆಚ್ಚಲಿಲ್ಲ. ಸಂತೆಯಲ್ಲಿ ಬೆಲೆ ಕೇಳಿದವರ ಹಾಗೆ ಹೂಂ ಅಂದಳು. ನಾನು ಅವಳ ರಟ್ಟೆ ಹಿಡಿದೆ.

"ನಡಿ, ಹಿಂಗ ಹತ್ತು. ನಮ್ಮನಿಗಿ ಬಾ. ಬಟ್ಟಿಬರಿ ಆಮ್ಯಾಲ ನೋಡೋಣ."

ಕಂಡಕ್ಟರ್ ಸೀಟಿ ಊದಿದ. ಮಂಜುಳಾ ಬಸ್ಸಿನ ಮೆಟ್ಟಿಲನ್ನು ನೋಡಿದಳು. ಒಂದು ಕಾಲು ಎತ್ತಿದಳು ಕೂಡ. ಆಮೇಲೆ ಹಿಂದಿರುಗಿ ನಾವು ಬಂದ ಓಣಿಯ ಕಡೆ ನೋಡಿ, ಕಾಲು ಕೆಳಗಿಟ್ಟಳು.

"ನಾ ಬಂದ್ರ ಅವ್ರೂ ಬರ್ತಾರಜ್ಜಿ" ಅಂದಳು.

ನಾನು ಅವಳ ರಟ್ಟೆ ಬಿಟ್ಟು ಬಸ್ಸು ಹತ್ತಿದೆ. ಎರಡನೇ ಸಲ ಕರೆಯಲಿಲ್ಲ.