ಚಂದ್ರನ ಮೇಲಿನ ನೌಕರಿ

ರಾಮದುರ್ಗದಲ್ಲಿ ಬಸ್ಸು ತಡವೆಂದು ಸೈಬರ್ ಕೆಫೆ ಹೊಕ್ಕೆ. ಪಕ್ಕದ ಕುರ್ಚಿಯಲ್ಲಿ ವಿಜ್ಞಾನದ ಟೀಚರೊಬ್ಬರು ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಕೂತಿದ್ದರು.

“ಸರ್, ಅಮೆರಿಕಾದ ಸರ್ಚ್ ಪೇಜ್ ಹೊಡದ್ರ ಇಂಡಿಯಾದ್ದ ಬರಾಕ ಹತ್ತೈತ್ರಿ. ಆ ಸರ್ಚ್ ಕಂಪನಿಯವರು ಚಂದ್ರನ ಮ್ಯಾಲೆ ಆಫೀಸ್ ತೆಗಿತಾರಂತ, ಮಂದಿ ಬೇಕಂತ, ಪೇಪರಿನ್ಯಾಗ ಬಂದಿತ್ರಿ. ನಮಗ ಅದನ್ನ ತೋರಸವಲ್ರು.”

ಪುಟದ ಕೆಳಗಿದ್ದ ಸಣ್ಣ ಲಿಂಕ್ ಒತ್ತಿ ಅಮೆರಿಕದ ಪುಟ ತೆರೆದುಕೊಟ್ಟೆ. ಜಾಹೀರಾತು ಓದುತ್ತಲೇ ನನಗೆ ನಗು ತಡೆಯಲಾಗಲಿಲ್ಲ. “ಇದು ಏಪ್ರಿಲ್ ಫೂಲ್ ತಮಾಷೆ, ಟೀಚರ್” ಎಂದೆ.

ಅವರು ಜೆರಾಕ್ಸ್‌ಗಳನ್ನು ನಿಧಾನವಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡರು.

“ಆರು ವರ್ಷದಿಂದ ಟೆಂಪರರಿ ಅದೀನ್ರಿ. ನಿಮಗ ನೌಕರಿ ಐತೇನ್ರಿ?”

“ಇದೆ.”

“ಅದಕ್ಕ ನಗು ಬಂತ್ರಿ ನಿಮಗ” ಎಂದು ಎದ್ದು ಹೋದರು.